ಎರಡು ರೇಸುಗಳ ನಡುವೆ

ಅಮೆರಿಕದ ಕೆಂಟಕಿ ಡರ್ಬಿ ಮೇ ತಿಂಗಳ ಮೊದಲ ಶನಿವಾರ. ಇತ್ತೀಚಿನ ವರ್ಷಗಳಲ್ಲಿ ಅದರ ಟೈಮು ಸಂಜೆ 6:57, ಅಂದರೆ ನಮಗೆ ಭಾನುವಾರ ಬೆಳಗಿನ ಜಾವ 4:27. ಮೆಲ್ಬರ್ನ್ ಕಪ್ ನವೆಂಬರ್ ಮೊದಲ ಮಂಗಳವಾರ ಅಲ್ಲಿಯ ಮಧ್ಯಾಹ್ನ 3ಕ್ಕೆ. ಇಲ್ಲಿ ನಾವು ತಿಂಡಿ ಮುಗಿಸಿ ಸ್ಟ್ಯಾಂಡಪ್ ಮೀಟಿಂಗಿಗೆ ಸೇರೋ ಒಂಬತ್ತೂವರೆ ಹೊತ್ತು. ಇಂಗ್ಲೆಂಡಿನ ಗ್ರ್ಯಾಂಡ್ ನ್ಯಾಷನಲ್ 2024ರಿಂದ ಸಂಜೆ 4ಕ್ಕೆ, ನಮ್ಮ ರಾತ್ರಿ ಎಂಟೂವರೆ. ಇದೆಲ್ಲ ನನಗೆ ಬಾಯಿಪಾಠ. ಕುದುರೆ ಹುಚ್ಚು ಹಿಡಿದು ಕಲಿತದ್ದಲ್ಲ. ನಾಲ್ಕು ವರ್ಷ ಇದೇ ಹೊಟ್ಟೆಪಾಡಾಗಿತ್ತು. ಬೇರೆ ಬೇರೆ ಊರಿನ ರೇಸುಗಳನ್ನು ಒಂದೇ ಪರದೆ ಮೇಲೆ ಸಾಲಾಗಿ ತೋರಿಸುವ, ‘ಮುಂದಿನ ರೇಸು ಯಾವುದು, ಇನ್ನೆಷ್ಟು ನಿಮಿಷ’ ಅಂತ ಹೇಳುವ ಸಾಫ್ಟ್‌ವೇರ್ ನಮ್ಮ ಟೀಮಿನದು.

ಕೇಳೋಕೆ ಸುಲಭ ಅನ್ಸುತ್ತೆ ಅಲ್ವಾ? ಟೈಮಿನ ಪ್ರಕಾರ ಸಾರ್ಟ್ ಮಾಡು, ತೋರಿಸು. ಮೊದಲ ತಿಂಗಳಲ್ಲೇ ನಮ್ಮ ಟೆಸ್ಟರ್ ಹುಡುಗಿ ಒಂದು ಬಗ್ ಹಾಕಿದಳು: ‘ಕೌಂಟ್‌ಡೌನ್ ಸೊನ್ನೆಗೆ ಬಂದು ನಿಂತುಬಿಡುತ್ತೆ, ರೇಸ್ ಶುರುವಾಗಲ್ಲ.’ ಎಲ್ಲರೂ ಕೋಡ್ ಜಾಲಾಡಿದೆವು. ಕೋಡ್ ಸರಿಯಾಗೇ ಇತ್ತು. ಅಲ್ಲಿ ಮೈದಾನದಲ್ಲೇ ಗಡಿಯಾರ ಸೊನ್ನೆ ತೋರಿಸುತ್ತಾ ನಿಂತಿರುತ್ತೆ, ಕುದುರೆಗಳು ಗೇಟಿನ ಹಿಂದೆ ಸುಮ್ಮನೆ ಸುತ್ತು ಹಾಕ್ತಿರುತ್ತವೆ. ಎರಡು ನಿಮಿಷ, ಮೂರು ನಿಮಿಷ, ಕೆಲವು ಕಡೆ ಇನ್ನೂ ಹೆಚ್ಚು. ಅಮೆರಿಕದ ರೇಸ್ ಭಾಷೆಯಲ್ಲಿ ಇದಕ್ಕೆ ‘ಪೋಸ್ಟ್ ಡ್ರ್ಯಾಗ್’ ಅಂತ ಹೆಸರೇ ಇದೆ.

ಯಾಕೆ ಹೀಗೆ ಅಂದರೆ, ದುಡ್ಡು ಬರೋದೇ ಕೊನೇ ನಿಮಿಷಗಳಲ್ಲಿ. ಅಲ್ಲಿ ನಡೆಯೋದು ಹೆಚ್ಚಾಗಿ ಟೋಟ್ ಪದ್ಧತಿ. ಎಲ್ಲರ ಹಣ ಒಂದು ರಾಶಿಗೆ ಬೀಳುತ್ತೆ, ನಡೆಸುವವರು ತಮ್ಮ ಪಾಲು ಮುರ್ಕೊಂಡು ಉಳಿದದ್ದನ್ನು ಗೆದ್ದವರಿಗೆ ಹಂಚ್ತಾರೆ. ರಾಶಿ ದೊಡ್ಡದಾದಷ್ಟೂ ಪಾಲು ದೊಡ್ಡದು. 1978ರಲ್ಲಿ ಒಂದು ರಾಜ್ಯದ ರೇಸಿಗೆ ಇನ್ನೊಂದು ರಾಜ್ಯದಲ್ಲಿ ಕೂತು ಬಾಜಿ ಕಟ್ಟುವುದಕ್ಕೆ ಕೇಂದ್ರ ಕಾನೂನು ಬಂತು. ಅದಾದ ಮೇಲೆ ಮೈದಾನಕ್ಕೆ ಬಂದವರಿಗಿಂತ ಬರದೇ ಇದ್ದವರ ದುಡ್ಡೇ ಬಹುಪಾಲು ಆಗಿಹೋಯ್ತು. ಆ ಬರದೇ ಇರುವವನ ಮುಂದೆ ಒಂದೇ ಹೊತ್ತಿಗೆ ನಾಲ್ಕೈದು ಊರಿನ ರೇಸುಗಳಿರ್ತವೆ. ಅವನ ಗಮನ ಮಾತ್ರ ಒಂದೇ. ಎರಡು ರೇಸು ಒಂದೇ ನಿಮಿಷಕ್ಕೆ ಬಿದ್ದರೆ ಒಂದಕ್ಕೆ ಅವನ ದುಡ್ಡು ಬರಲ್ಲ.

ಪಕ್ಕದ ಊರಿನ ರೇಸು ಮುಗಿಯಲಿ, ಆಮೇಲೆ ನಮ್ಮದು ಬಿಡೋಣ ಅಂತ ಇವರು ಕಾಯ್ತಾರೆ. ಅವರೂ ಅದೇ ಯೋಚನೆಯಲ್ಲಿ ಕಾಯ್ತಿರ್ತಾರೆ. ಕೊನೆಗೆ ಎರಡೂ ಒಟ್ಟಿಗೇ ಓಡ್ತವೆ! ನಮ್ಮೂರ ಕಡೆ ಖಾಸಗಿ ಬಸ್ಸುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಐದು ನಿಮಿಷದ ಅಂತರದ ಟೈಮಿಂಗು, ಮುಂದಿನದು ಸೀಟು ತುಂಬಲಿ ಅಂತ ಹೊರಡಲ್ಲ, ಹಿಂದಿನದು ಬಂದು ಹಾರ್ನ್ ಹೊಡೆಯುತ್ತೆ, ಆಮೇಲೆ ರಸ್ತೆ ಮೇಲೆ ಇಬ್ಬರದೂ ರೇಸು.

ಎಂಜಿನಿಯರ್ ಬುದ್ಧಿಗೆ ಪರಿಹಾರ ತಕ್ಷಣ ಹೊಳೆಯುತ್ತೆ. ಒಂದು ಸಾಮಾನ್ಯ ಗಡಿಯಾರ, ಒಂದು ಸರದಿ, ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಬರಬಾರದು. ಬಿಇ ಐದನೇ ಸೆಮಿಸ್ಟರಿನ ಆಪರೇಟಿಂಗ್ ಸಿಸ್ಟಮ್ಸ್ ಪಾಠ ಅಷ್ಟೇ. ಆದರೆ ಆ ಸರದಿಯನ್ನು ಕಾಯೋರು ಯಾರು? ಅಮೆರಿಕದಲ್ಲಿ ಒಂದೊಂದು ಕಂಪನಿಗೆ ಒಂದಷ್ಟು ಮೈದಾನ, ಒಂದೊಂದು ರಾಜ್ಯಕ್ಕೆ ಒಂದೊಂದು ಆಯೋಗ. 2020ರಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂತು ನಿಜ, ಅದು ಕುದುರೆಗಳ ಸುರಕ್ಷತೆ ಮತ್ತು ಮದ್ದುಗಳ ನಿಯಂತ್ರಣಕ್ಕೆ, ಟೈಮಿಗೆ ಅಲ್ಲ. ಇವರೆಲ್ಲ ಪರಸ್ಪರ ಪೈಪೋಟಿಗೆ ಬಿದ್ದವರು. ನಾನು ಎರಡು ನಿಮಿಷ ಬಿಟ್ಟುಕೊಟ್ಟರೆ ನೀನೂ ಬಿಟ್ಟುಕೊಡ್ತೀಯ ಅನ್ನೋ ನಂಬಿಕೆ ಬೇಕು. ಅದಕ್ಕೆ ಅಲ್ಗಾರಿದಮ್ ಇಲ್ಲ.

ಬ್ರಿಟನ್ನಿನಲ್ಲಿ ಕಥೆ ಬೇರೆ. ಅಲ್ಲಿ ಬ್ರಿಟಿಷ್ ಹಾರ್ಸ್‌ರೇಸಿಂಗ್ ಅಥಾರಿಟಿ ಅಂತ ಒಂದೇ ಸಂಸ್ಥೆ ಕೂತು ವೇಳಾಪಟ್ಟಿ ನೇಯುತ್ತೆ. ಒಂದು ಊರಿನಲ್ಲಿ 2:05, ಇನ್ನೊಂದರಲ್ಲಿ 2:10 ಆ ಥರ. 2024ರಲ್ಲಿ ಶನಿವಾರ ಮಧ್ಯಾಹ್ನ 2ರಿಂದ 4ರವರೆಗಿನ ಹೊತ್ತನ್ನು ದೊಡ್ಡ ರೇಸುಗಳಿಗೆ ಮೀಸಲಿಟ್ಟು, ಆ ಎರಡು ಗಂಟೆಯಲ್ಲಿ ಮೂರೇ ಮೈದಾನಗಳಿಗೆ ಅವಕಾಶ ಅಂತ ಪ್ರಯೋಗ ಶುರು ಮಾಡಿದರು. ಸಣ್ಣ ಮೈದಾನದವರು ಬೆಳಿಗ್ಗೆಗೋ ಸಂಜೆಗೋ ಜರುಗಿಕೊಳ್ಳಬೇಕಾಯ್ತು. ದೊಡ್ಡವರಿಗೆ ಮದುವೆ ಮನೆಯ ಮೊದಲ ಪಂಕ್ತಿ, ಉಳಿದವರಿಗೆ ಆಮೇಲೆ.

ಎಷ್ಟೇ ಚೆನ್ನಾಗಿ ನೇಯ್ದರೂ ಕುದುರೆಗೆ ವೇಳಾಪಟ್ಟಿ ಗೊತ್ತಿಲ್ಲವಲ್ಲ. ಒಂದು ಗೇಟಿನೊಳಗೆ ಹೋಗಲ್ಲ ಅಂತ ಹಠ ಹಿಡಿಯುತ್ತೆ, ಇನ್ನೊಂದರ ಲಾಳ ಕಳಚುತ್ತೆ. 2023ರ ಏಪ್ರಿಲ್‌ನಲ್ಲಿ ಪ್ರಾಣಿ ಹಕ್ಕಿನ ಹೋರಾಟಗಾರರು ಮೈದಾನಕ್ಕೆ ನುಗ್ಗಿ ಗ್ರ್ಯಾಂಡ್ ನ್ಯಾಷನಲ್ಲೇ ಸುಮಾರು ಕಾಲು ಗಂಟೆ ತಡವಾಗಿತ್ತು.

ಇಷ್ಟೆಲ್ಲ ಪಾಠ ಮಾಡಿದ್ದು ಯಾಕಂದ್ರೆ, ಈ ಕೆಲಸ ನನಗೆ ತುಂಬಾ ಹಿಡಿಸಿತ್ತು. ಯಾವ ರೇಸೂ ಯಾವುದರ ಮೇಲೂ ಬೀಳದ ಹಾಗೆ ಪರದೆ ಸಾಗೋದನ್ನು ನೋಡೋದೇ ಒಂದು ಖುಷಿ. ಆದರೆ ಪ್ರಾಜೆಕ್ಟಿನ ದಾಖಲೆಯೊಂದರಲ್ಲಿ, ಒಂದು ರೇಸು ಮುಗಿದು ಮುಂದಿನದು ಶುರುವಾಗುವವರೆಗಿನ ಹೊತ್ತಿಗೆ ‘ಡೆಡ್ ಟೈಮ್’ ಅಂತ ಬರೆದಿದ್ದರು. ಆ ಕಾಲಮ್ಮಿನ ಸಂಖ್ಯೆ ಕಡಿಮೆ ಆದಷ್ಟೂ ಒಳ್ಳೇದು ಅನ್ನೋ ಲೆಕ್ಕ. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸೋದರಮಾವ.

ಮಾವ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಇದ್ದರು. ತಿಪಟೂರಿನ ಕಡೆಯ ನಮ್ಮ ಹಳ್ಳಿಯಿಂದ ಬಿಇ ಓದೋಕೆ ಬಂದ ನಾನು ಮೊದಲ ವರ್ಷ ಅವರ ಮನೆಯಲ್ಲೇ ಇದ್ದೆ. ಕುದುರೆ ಬಾಲಕ್ಕೆ ದುಡ್ಡು ಕಟ್ಟೋ ಚಟ ಅವರಿಗಿದೆ ಅಂತ ಊರಲ್ಲಿ ಎಲ್ಲರಿಗೂ ಗೊತ್ತಿತ್ತು. ಅಮ್ಮ ನನ್ನನ್ನು ಕಳಿಸುವಾಗ ‘ಅವನ ಜೊತೆ ಎಲ್ಲಿಗಾದ್ರೂ ಹೋಗು, ಶನಿವಾರ ಭಾನುವಾರ ಮಾತ್ರ ಹೋಗಬೇಡ’ ಅಂದಿದ್ದಳು. ನಾನು ಹೋದೆ.

ಅಲ್ಲಿ ಒಂದು ರೇಸು ಓಡೋದು ಒಂದೋ ಒಂದೂವರೆಯೋ ನಿಮಿಷ. ಆಮೇಲೆ ಸುಮಾರು ಅರ್ಧ ಗಂಟೆ ಏನೂ ಇಲ್ಲ. ಕುದುರೆ ತಣ್ಣಗಾಗಬೇಕು, ಮುಂದಿನವು ಪ್ಯಾಡಕ್ಕಿಗೆ ಬರಬೇಕು, ಜಾಕಿಗಳು ತೂಕಕ್ಕೆ ನಿಲ್ಲಬೇಕು. ಆ ಅರ್ಧ ಗಂಟೆಯಲ್ಲಿ ಮಾವ ಮನುಷ್ಯರಾಗಿರ್ತಿದ್ದರು. ಟೀ ಕುಡಿಸೋರು, ‘ಏನಪ್ಪಾ, ಮ್ಯಾತ್ಸ್ ಹೆಂಗಿದೆ?’ ಅಂತ ಕೇಳೋರು. ಊರಲ್ಲಿ ಕೊಬ್ಬರಿ ರೇಟು ಎಷ್ಟಾಯ್ತು ಅಂತ ವಿಚಾರಿಸೋರು.

ಅಷ್ಟು ಹೊತ್ತಿಗಾಗಲೇ ನಮ್ಮ ದೇಶದ ರೇಸ್ ಕ್ಲಬ್ಬುಗಳಲ್ಲಿ ಇಂಟರ್‌ವೆನ್ಯೂ ಬೆಟ್ಟಿಂಗ್ ಇತ್ತು. ಮೈಸೂರು, ಚೆನ್ನೈ, ಹೈದರಾಬಾದ್, ಮುಂಬೈ, ಪುಣೆ, ಕೋಲ್ಕತಾ, ಎಲ್ಲಿ ಓಡಿದರೂ ಇಲ್ಲೇ ಪರದೆ ಮೇಲೆ ನೋಡಿ ಕಟ್ಟಬಹುದು. ಎರಡು ಊರಲ್ಲಿ ರೇಸಿದ್ದ ದಿನ ಟೈಮುಗಳನ್ನು ಒಂದರ ಮಧ್ಯೆ ಒಂದು ಬರೋ ಹಾಗೆ ಇಡ್ತಿದ್ದರು. ಇಲ್ಲಿಯ ಎರಡು ರೇಸುಗಳ ನಡುವೆ ಸರಿಯಾಗಿ ಅಲ್ಲಿಯದೊಂದು. ಅಂಥ ಒಂದು ದಿನ ನಾನು ‘ಮಾವ, ಊಟ ಮಾಡಲ್ವಾ?’ ಅಂತ ಮೂರು ಸಲ ಕೇಳಿದೆ. ಮೂರು ಸಲವೂ ‘ಇದೊಂದು ಆಗ್ಲಿ ಇರಪ್ಪ’ ಅಂದರು. ಕತ್ತಲಾದ ಮೇಲೆ ಹೊರಗೆ ಬಂದು ಇಬ್ಬರೂ ಇಡ್ಲಿ ತಿಂದೆವು, ದುಡ್ಡು ನಾನು ಕೊಟ್ಟೆ.

ಬೇರೆ ಯಾರ ಮೇಲೂ ದೂರು ಹೇಳ್ತಿಲ್ಲ. ಮಾವ ಕಳ್ಕೊಂಡದ್ದು ಮಾವನ ಕೈಯಿಂದಲೇ. ಆದರೆ ರೇಸಿನವರು, ಟಿವಿಯವರು, ನಾವು ಸಾಫ್ಟ್‌ವೇರಿನವರು ಸೇರಿ ‘ಹೊಂದಾಣಿಕೆ’ ಅಂತ ಕರೆಯೋದರಲ್ಲಿ ಎರಡು ಬೇರೆ ಬೇರೆ ಕೆಲಸ ಸೇರ್ಕೊಂಡಿವೆ ಅಂತ ನನಗನ್ಸುತ್ತೆ. ಆಸ್ಟ್ರೇಲಿಯಾದಲ್ಲಿ ಹಲವು ವರ್ಷ ಅಕ್ಟೋಬರಿನ ಒಂದೇ ಶನಿವಾರ ಸಿಡ್ನಿಯಲ್ಲಿ ಎವರೆಸ್ಟ್, ಮೆಲ್ಬರ್ನಿನಲ್ಲಿ ಕಾಲ್‌ಫೀಲ್ಡ್ ಕಪ್ ಬಿದ್ದಿವೆ. ಒಂದು 1200 ಮೀಟರಿನದು, ಇನ್ನೊಂದು 2400ರದು. ಎರಡು ರಾಜ್ಯಗಳ ನಡುವೆ ಜಿದ್ದೇ ಇದೆ. ಹಾಗಿದ್ದೂ ಎರಡನ್ನೂ ನೋಡೋಕಾಗುವ ಹಾಗೆ ಟೈಮಿಟ್ಟರೆ ಅದು ನೋಡುಗನಿಗೆ ಮಾಡಿದ ಉಪಕಾರ. ವಾರದ ಯಾವುದೋ ಮಧ್ಯಾಹ್ನ, ಯಾರಿಗೂ ಹೆಸರು ಗೊತ್ತಿಲ್ಲದ ಕುದುರೆಗಳ ರೇಸುಗಳನ್ನು ಮೂರು ನಿಮಿಷಕ್ಕೊಂದರಂತೆ ಪೋಣಿಸೋದು ಉಪಕಾರ ಅಲ್ಲ. ಎರಡಕ್ಕೂ ಬರೆಯೋ ಕೋಡ್ ಮಾತ್ರ ಒಂದೇ, ನಾನೇ ಬರೆದಿದ್ದೀನಿ.

ಪ್ರಾಜೆಕ್ಟ್ ಮುಗಿದು ಎರಡು ವರ್ಷವಾಯ್ತು. ಮಾವ ರಿಟೈರಾಗಿ ಊರಲ್ಲಿದ್ದಾರೆ, ತೆಂಗಿನ ಗಿಡಕ್ಕೆ ನೀರು ಹಾಯಿಸ್ಕೊಂಡು. ಹೋದ ಹಬ್ಬದಲ್ಲಿ ಅತ್ತೆ ಒಬ್ಬಟ್ಟು ಬೇಯಿಸ್ತಾ ಹಳೇ ಕಥೆ ತೆಗೆದರು. ಆಗಿನ ಕಾಲದಲ್ಲಿ ಎರಡೋ ಮೂರೋ ಸಲ ಮಾವ ಮಧ್ಯಾಹ್ನವೇ, ಜೇಬಲ್ಲಿ ದುಡ್ಡು ಇನ್ನೂ ಉಳಿದಿರುವಾಗಲೇ ಮನೆಗೆ ಬಂದಿದ್ದರಂತೆ. ‘ಏನ್ರೀ, ಇಷ್ಟು ಬೇಗ?’ ಅಂತ ಕೇಳಿದ್ದಕ್ಕೆ, ‘ಮುಂದಿನದಕ್ಕೆ ಅರ್ಧ ಗಂಟೆ ಇತ್ತು ಕಣೆ. ಟೀ ಕುಡಿಯೋಣ ಅಂತ ಆಚೆ ಬಂದೆ, ನಮ್ಮ ಬಸ್ಸು ನಿಂತಿತ್ತು’ ಅಂದಿದ್ದರಂತೆ.