ಸನತ್‌ನಗರದ ಬಂದರು

ನಮ್ಮ ಸುರತ್ಕಲ್ ಕಡೆಯವರಿಗೆ ಬಂದರು ಅಂದ್ರೆ ಪಣಂಬೂರು, ಕಣ್ಣೆದುರಿಗೆ ನಿಂತ ಹಡಗು. ಹೈದರಾಬಾದಲ್ಲೂ ಒಂದು ಬಂದರಿದೆ ಅಂದ್ರೆ ಊರಲ್ಲಿ ನಗ್ತಾರೆ. ಇದೆ ಮಾರಾಯ್ರೆ, ಸನತ್‌ನಗರದಲ್ಲಿ! ಅಲೆ ಇಲ್ಲ, ಉಪ್ಪು ಗಾಳಿ ಇಲ್ಲ. ರೈಲು ಹಳಿ, ಕ್ರೇನು, ಪೆಟ್ಟಿಗೆ ಮೇಲೆ ಪೆಟ್ಟಿಗೆ, ಪಕ್ಕದಲ್ಲಿ ಕಸ್ಟಮ್ಸ್ ಆಫೀಸು. ಇನ್‌ಲ್ಯಾಂಡ್ ಕಂಟೇನರ್ ಡಿಪೋ ಅಂತ ಹೆಸರು.

ಮುಂಬೈ ಹತ್ತಿರದ ನ್ಹಾವಾ ಶೇವಾದಲ್ಲಿ ಹಡಗಿನಿಂದ ಇಳಿದ ಪೆಟ್ಟಿಗೆ ಸೀಲು ಒಡೆಯದೆ ರೈಲು ಹತ್ತಿ ಇಲ್ಲಿಗೆ ಬರುತ್ತೆ. ಬಿಲ್ ಆಫ್ ಎಂಟ್ರಿ, ತಪಾಸಣೆ, ಸುಂಕ ಎಲ್ಲ ಇಲ್ಲೇ. 1956ರಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ 58 ಪೆಟ್ಟಿಗೆಗಳನ್ನು ಹಡಗಿಗೇರಿಸಿ ಕಳಿಸಿದ ಮೇಲೆ ಬೆಳೆದ ಪದ್ಧತಿ ಇದು. ಅದಕ್ಕೂ ಮುಂಚೆ ಮೂಟೆ ಮೂಟೆಯಾಗಿ ಹೊತ್ತು ಇಳಿಸೋವರೆಗೆ ಹಡಗು ದಿನಗಟ್ಟಲೆ ನಿಂತಿರ್ತಿತ್ತು. ಈಗ ಹಡಗಿನ ಕೆಲಸ ಬೇಗ ಮುಗಿಯುತ್ತೆ, ಕಾಗದದ್ದೇ ಮುಗಿಯೋದಿಲ್ಲ.

ಸಮುದ್ರ ಇಲ್ಲದ ಕೊರತೆ ಈ ಊರಿಗೆ ಹಳೇದು. ಗೋಲ್ಕೊಂಡದವರಿಗೆ ಮಚಲಿಪಟ್ಟಣ ಇತ್ತು. ಅದು 1759ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಪಾಲಾಯ್ತು, 1766ರ ಒಪ್ಪಂದದಲ್ಲಿ ನಿಜಾಮ ಉತ್ತರ ಸರ್ಕಾರ್‌ನ ಕರಾವಳಿಯನ್ನೂ ಬಿಟ್ಟುಕೊಟ್ಟ. ಆಮೇಲೆ ಅದೇ ಕಂಪನಿಯ ರೆಸಿಡೆಂಟ್‌ಗೆ ಇಲ್ಲಿ ಎದ್ದು ನಿಂತ ಬಂಗಲೆಯಿಂದಲೇ ನಮ್ಮ ಕೋಠಿಗೆ ಕೋಠಿ ಅನ್ನೋ ಹೆಸರು ಬಂದದ್ದು, ನೋಡಿ.

ಇಲ್ಲಿನ ಗುಜರಾತಿ ಗಲ್ಲಿಯಲ್ಲಿ ನನಗೆ ಪರಿಚಯದ ಅಂಗಡಿಯವರೊಬ್ಬರಿದ್ದಾರೆ. ಹೋದ ದೀಪಾವಳಿಗೆ ಚೀನಾದಿಂದ ಸೀರಿಯಲ್ ಲೈಟು ತರಿಸಿದ್ರು. ಪೆಟ್ಟಿಗೆ ಸನತ್‌ನಗರ ಮುಟ್ಟಿತು, ಅಂಗಡಿಗೆ ಹತ್ತು-ಹನ್ನೆರಡು ಕಿಲೋಮೀಟರ್ ಅಷ್ಟೇ. ಆದ್ರೆ ಮೂಲ ಬಿಲ್ ಆಫ್ ಲೇಡಿಂಗ್ ಬಂದಿರಲಿಲ್ಲ. ಸರಕಿನ ಒಡೆತನಕ್ಕೆ ಆ ಕಾಗದವೇ ಆಧಾರ. ಅದನ್ನು ಒಪ್ಪಿಸದೆ ಹಡಗು ಕಂಪನಿಯವರು ಡೆಲಿವರಿ ಆರ್ಡರ್ ಕೊಡೋದಿಲ್ಲ. ಬಾಡಿಗೆ ಇಲ್ಲದ ದಿನಗಳು ಮುಗಿದ ಮೇಲೆ ಎರಡು ಮೀಟರ್ ಒಟ್ಟಿಗೇ ಓಡುತ್ತೆ: ಜಾಗಕ್ಕೆ ಡಿಪೋದವರ ಬಾಡಿಗೆ ಬೇರೆ, ಪೆಟ್ಟಿಗೆ ಹಿಂತಿರುಗಿಸದ್ದಕ್ಕೆ ಹಡಗು ಕಂಪನಿಯವರ ಡಿಟೆನ್ಷನ್ ಬೇರೆ. ಗಲ್ಲಿಯಲ್ಲಿ ಎಲ್ಲರೂ "ಮಾಲ್ ಆಯಾ ಕ್ಯಾ ಸೇಠ್?" ಅಂತ ಕೇಳೋರೇ. ಆರ್ಡರ್ ಕೊಟ್ಟಿದ್ದ ಸಣ್ಣ ಅಂಗಡಿಯವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದ್ರು.

ಲಾರಿ ಬಂದದ್ದು ಹಬ್ಬ ಕಳೆದು ಮೂರನೇ ದಿನ, ನಡುರಾತ್ರಿ. ಲೈಟುಗಳನ್ನು ಮದುವೆ ಡೆಕೊರೇಷನ್‌ನವರಿಗೆ ಅಸಲಿಗಿಂತ ಕಮ್ಮಿಗೆ ಕೊಟ್ಟರಂತೆ. ಈ ಸಲದ ಆರ್ಡರನ್ನು ಜೂನ್‌ನಲ್ಲೇ ಹಾಕಿದ್ದಾರೆ.