ಕಿವಿಯಿಂದ ಕಂಡ ಕೋಲ್ಕತ್ತ

ಹೌರಾ ಸೇತುವೆಯ ಕಾಲುದಾರಿಯಲ್ಲಿ ಹತ್ತು ಹೆಜ್ಜೆ ಹಾಕಿದವನೇ ನಿಂತು ಕಣ್ಣು ಮುಚ್ಚಿಕೊಂಡೆ. ಅಂಗಾಲಿನ ಕೆಳಗೆ ಇಡೀ ಸೇತುವೆ ನಡುಗುತ್ತಿತ್ತು. 26,500 ಟನ್ ಉಕ್ಕು, 1943ರಿಂದ ಹೀಗೆ ನದಿಯ ಮೇಲೆ ನಿಂತು ನಡುಗುತ್ತಿದೆ. ತಲೆಯ ಮೇಲೆ ಮೂಟೆ ಹೊತ್ತವರು ‘ದೇಖೀ, ದೇಖೀ’ ಎಂದು ಜಾಗ ಕೇಳುತ್ತ ಓಡುತ್ತಿದ್ದರು. ಕೆಳಗೆ ಹೂಗ್ಲಿಯಲ್ಲಿ ಲಾಂಚಿನ ಸಿಳ್ಳು, ಆಚೆ ದಡದ ಮಲ್ಲಿಕ್ ಘಾಟಿನ ಹೂವಿನ ಸಂತೆಯ ಗದ್ದಲ.

“ಮಾವ, ತಲೆ ಸುತ್ತುತ್ತಾ?” ಎಂದ ತಂಗಿಯ ಮಗ. ಸಾಲ್ಟ್‌ಲೇಕಿನಲ್ಲಿ ಕೆಲಸಕ್ಕಿರುವ ಅವನೇ ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದ.

“ಇಲ್ಲ ಮಾರಾಯ, ಕೇಳ್ತಾ ಇದೀನಿ.”

ನಾನು ಈ ಊರನ್ನು ಮೊದಲು ಕೇಳಿದ್ದು ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ. ಕೆ.ವಿ. ಸುಬ್ಬಣ್ಣನವರು ಅಡಿಕೆ ತೋಟಗಳ ನಡುವೆ ನೀನಾಸಮ್ ಚಿತ್ರಸಮಾಜ ಕಟ್ಟಿ, ಊರಿನವರನ್ನೆಲ್ಲ ಕೂರಿಸಿ ಜಗತ್ತಿನ ಚಿತ್ರಗಳನ್ನು ತೋರಿಸುತ್ತಿದ್ದ ಕಾಲ. ಅಲ್ಲಿ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ನೋಡಿದೆ. ಬಂಗಾಳಿ ಒಂದಕ್ಷರ ಬಾರದು. ಮಗಳು ದುರ್ಗಾ ಸತ್ತಿರುವುದನ್ನು ತಿಳಿಯದ ತಂದೆ ಊರಿಂದ ಬಂದು, ಅವಳಿಗೆಂದು ತಂದ ಸೀರೆ ತೆಗೆದು ತೋರಿಸುತ್ತಾನೆ. ತಾಯಿ ಸರ್ಬಜಯಾ ಅಷ್ಟು ಹೊತ್ತು ಬಿಗಿಹಿಡಿದ ಅಳುವಿನ ಕಟ್ಟೆಯೊಡೆಯುತ್ತದೆ. ಆದರೆ ಅವಳ ಬಾಯಿಂದ ಅಳು ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಎಂಬ ತಂತಿವಾದ್ಯ ಕೊರಳು ಹರಿಯುವಂತೆ ಕೂಗುತ್ತದೆ. ರವಿಶಂಕರರ ಸಂಗೀತ, ದಕ್ಷಿಣಾಮೋಹನ ಠಾಕೂರರ ಕಮಾನು. ನನ್ನ ಪಕ್ಕ ಕೂತಿದ್ದ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆ ತಿಳಿಯದು. ಆ ತಂತಿಯ ಕೂಗು ತಿಳಿದಿತ್ತು.

ಅಂದಿನಿಂದ ನನಗೆ ಪ್ರೀತಿಯ ಚಿತ್ರವೆಂದರೆ ಕಿವಿಯಲ್ಲಿ ಉಳಿದ ಚಿತ್ರ. ದೆವ್ವದ ಕಥೆಯಾಗಲಿ, ಕಣ್ಣೀರಿನ ಕಥೆಯಾಗಲಿ, ಪತ್ತೇದಾರಿಯಾಗಲಿ, ಯಾವುದೋ ಒಂದು ಸದ್ದು ಅದನ್ನು ನನ್ನೊಳಗೆ ಹಿಡಿದಿಟ್ಟಿದೆ. ಹಾಗೆ ಉಳಿದವುಗಳಲ್ಲಿ ಎಷ್ಟೊಂದು ಈ ಒಂದೇ ಊರಿನವು! ಆ ಸದ್ದುಗಳಲ್ಲಿ ಇನ್ನೂ ಎಷ್ಟು ಉಳಿದಿವೆ ಎಂದು ಕೇಳಿಸಿಕೊಳ್ಳಲೆಂದೇ ಬಂದಿದ್ದೆ.

ಎಸ್ಪ್ಲನೇಡಿನಲ್ಲಿ ಟ್ರಾಮ್ ಹತ್ತಿದೆವು. ವಿದ್ಯುತ್ ಟ್ರಾಮ್ ಇಲ್ಲಿ ಓಡತೊಡಗಿದ್ದು 1902ರಲ್ಲಿ. ಈಗ ಉಳಿದಿರುವುದು ಬೆರಳೆಣಿಕೆಯ ಮಾರ್ಗ. ಮರದ ಬೆಂಚು, ಚರ್ಮದ ಚೀಲ ನೇತುಹಾಕಿಕೊಂಡ ಕಂಡಕ್ಟರು, ಚಾಲಕ ಕಾಲಲ್ಲಿ ಒತ್ತುವ ಗಂಟೆ. ನಾನು ಕಿಟಕಿಯಿಂದ ತಲೆ ಹೊರಚಾಚಿ ಮೇಲೆ ನೋಡಿದೆ. ಸತ್ಯಜಿತ್ ರಾಯ್ ಅವರ ‘ಮಹಾನಗರ್’ (1963) ಶುರುವಾಗುವುದೇ ಅಲ್ಲಿಂದ. ಟ್ರಾಮಿನ ನೆತ್ತಿಯ ಕೋಲು ತಂತಿಗೆ ಉಜ್ಜುತ್ತ, ಆಗಾಗ ಕಿಡಿ ಹಾರಿಸುತ್ತ ಸಾಗುತ್ತದೆ. ಅದರ ಮೇಲೆ ಹೆಸರುಗಳು ಮೂಡುತ್ತವೆ. ಮನೆಯಿಂದ ಮೊದಲ ಬಾರಿ ದುಡಿಯಲು ಹೊರಟ ಆರತಿಯ ಕಥೆಗೆ ಇದಕ್ಕಿಂತ ಸರಿಯಾದ ಬಾಗಿಲು ಇರಲಾರದು. ತಂತಿ ಕಡಿದರೆ ಗಾಡಿ ನಿಲ್ಲುತ್ತದೆ, ಸಂಬಳ ನಿಂತರೆ ಮನೆ. ಕಾಲೇಜ್ ಸ್ಟ್ರೀಟಿನ ಪುಸ್ತಕದಂಗಡಿಗಳ ನಡುವೆ ಟ್ರಾಮ್ ತಿರುವು ತೆಗೆದುಕೊಂಡಾಗ ಕೇಳಿಸಿತು, ಹಳಿಯ ಮೇಲೆ ಗಾಲಿ ತಿಕ್ಕಿದ ಉದ್ದನೆಯ ಕಿರುಚು. ಮೈ ಜುಮ್ಮೆಂದಿತು.

ಜೋರಾಸಾಂಕೋದಲ್ಲಿ ರವೀಂದ್ರನಾಥ ಠಾಕೂರರ ಕೆಂಪು ಮನೆ ನೋಡಿ ಹೊರಬಂದು ಅಕ್ಕಪಕ್ಕದ ಓಣಿಗಳಲ್ಲಿ ಅಲೆದೆ. ರವೀಂದ್ರರ ‘ನಷ್ಟನೀಡ್’ ಕಥೆಯನ್ನು ರಾಯ್ 1964ರಲ್ಲಿ ‘ಚಾರುಲತಾ’ ಮಾಡಿದರು. ಆ ಚಿತ್ರದ ಮನೆಯನ್ನು ಹುಡುಕಿ ಹೋಗುವಂತಿಲ್ಲ. ಅದರ ಒಳಾಂಗಣ ಬಂಸಿ ಚಂದ್ರಗುಪ್ತರು ಸ್ಟುಡಿಯೋದಲ್ಲಿ ಕಟ್ಟಿದ್ದು. ಆದರೆ ಆ ಕಿಟಕಿಗಳು ಇಲ್ಲಿ ಓಣಿ ಓಣಿಯಲ್ಲಿವೆ. ಹಸಿರು ಬಣ್ಣದ, ಅಡ್ಡಪಟ್ಟಿಗಳನ್ನು ಎತ್ತಿ ಇಳಿಸುವ ಬಾಗಿಲುಗಳು. ಬಂಗಾಳಿಗಳು ಇದನ್ನು ‘ಖೊಡ್‌ಖೊಡಿ’ ಅನ್ನುತ್ತಾರೆ. ಹೆಸರಿನಲ್ಲೇ ಅದು ಮಾಡುವ ಸದ್ದಿದೆ. ಚಿತ್ರದ ಆರಂಭದಲ್ಲಿ ಚಾರು ಮಟಮಟ ಮಧ್ಯಾಹ್ನ ಒಂಟಿಯಾಗಿ ಮನೆ ತುಂಬ ಅಡ್ಡಾಡುತ್ತಾಳೆ. ಬೀದಿಯಲ್ಲಿ ಕೋತಿಯಾಡಿಸುವವನ ಡಮರು, ಪಲ್ಲಕ್ಕಿ ಹೊತ್ತವರ ಹಾಡು. ಒಂದೊಂದು ಸದ್ದಿಗೂ ಅವಳು ಕಿಟಕಿಯಿಂದ ಕಿಟಕಿಗೆ ಓಡಿ, ಪಟ್ಟಿ ಎತ್ತಿ, ಕೈದುರ್ಬೀನು ಹಿಡಿದು ನೋಡುತ್ತಾಳೆ. ಅವಳ ಒಂಟಿತನವನ್ನು ಒಂದು ಮಾತಿಲ್ಲದೆ ಹೇಳಿದ ಆ ಕೆಲವು ನಿಮಿಷಗಳನ್ನು ನಾನು ಎಷ್ಟು ಸಲ ನೋಡಿದ್ದೇನೋ. ಈಗ ಓಣಿಯಲ್ಲಿ ಪಾತ್ರೆ ಮಾರುವವನೊಬ್ಬ ಸ್ಟೀಲ್ ತಟ್ಟೆ ಬಡಿಯುತ್ತ ಬಂದ. ಮೇಲೆ ಎರಡನೇ ಮಹಡಿಯಲ್ಲಿ ಹಸಿರು ಪಟ್ಟಿಯೊಂದು ಖಡ್ ಎಂದು ಮೇಲಕ್ಕೆದ್ದಿತು. ಯಾರ ಕಣ್ಣೆಂದು ಕಾಣಲಿಲ್ಲ. ಅಲ್ಲೇ ಗೋಡೆಗೊರಗಿ ನಿಂತುಬಿಟ್ಟೆ.

ನಿಂತಿದ್ದಾಗಲೇ ಹಿಂದಿನಿಂದ ಟಿಣ್ ಟಿಣ್ ಎಂದಿತು. ಕೈರಿಕ್ಷಾ ಎಳೆಯುವವರು ಬೆರಳಿಗೆ ಸಿಕ್ಕಿಸಿಕೊಂಡ ಗೆಜ್ಜೆಯಂಥ ಗಂಟೆಯನ್ನು ಮರದ ಹಿಡಿಗೆ ಕುಟ್ಟುತ್ತಾರೆ, ಅದೇ ಹಾರ್ನು. ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ (1953) ಚಿತ್ರಕ್ಕಾಗಿ ಬಲರಾಜ್ ಸಾಹ್ನಿ ಈ ಊರಿನ ಬೀದಿಗಳಲ್ಲಿ ಬರಿಗಾಲಲ್ಲಿ ರಿಕ್ಷಾ ಎಳೆದರು. ಅದರ ಕಥೆ ಬರೆದವರು, ಸಂಗೀತ ಮಾಡಿದವರು ಇಬ್ಬರೂ ಒಬ್ಬರೇ, ಸಲಿಲ್ ಚೌಧುರಿ. ಇದೇ ಸಲಿಲ್‌ದಾ 1977ರಲ್ಲಿ ಕನ್ನಡಕ್ಕೆ ಬಂದು ಬಾಲು ಮಹೇಂದ್ರರ ಮೊದಲ ಚಿತ್ರ ‘ಕೋಕಿಲ’ಕ್ಕೆ ಸಂಗೀತ ಕೊಟ್ಟರು. ಪ್ರೇಮಕಥೆಗಳಲ್ಲಿ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಕೋಕಿಲ. ಅಂಥ ಕನ್ನಡ ಚಿತ್ರದ ಎದೆಬಡಿತ ಈ ಓಣಿಗಳ ಕಡೆಯಿಂದ ಬಂದದ್ದು.

ಬಂದದ್ದಷ್ಟೇ ಅಲ್ಲ, ನಮ್ಮದೂ ಇಲ್ಲಿಗೆ ಬಂದಿದೆ. ಅದನ್ನು ಹೇಳಲು ನನಗೆ ಉಸಿರು ಬಿಗಿಹಿಡಿದಂತಾಗುತ್ತದೆ.

ರಾಸಬಿಹಾರಿ ಅವೆನ್ಯೂದಲ್ಲಿ ಪ್ರಿಯಾ ಚಿತ್ರಮಂದಿರವಿದೆ. ಅದರ ಒಡೆಯರಾದ ದತ್ತ ಕುಟುಂಬವೇ 1969ರಲ್ಲಿ ‘ಗೂಪಿ ಗಾಯ್ನ್ ಬಾಘಾ ಬಾಯ್ನ್’ ನಿರ್ಮಿಸಿತು. ಅಜ್ಜ ಉಪೇಂದ್ರಕಿಶೋರರು ಮಕ್ಕಳಿಗಾಗಿ ಬರೆದ ಕಥೆಯನ್ನು ಮೊಮ್ಮಗ ಸತ್ಯಜಿತ್ ಚಿತ್ರ ಮಾಡಿದ್ದು. ರಾಗ ಬಾರದ ಗೂಪಿ, ತಾಳ ಬಾರದ ಬಾಘಾ ಕಾಡಿನಲ್ಲಿ ದೆವ್ವಗಳ ಕೈಗೆ ಸಿಗುತ್ತಾರೆ. ದೆವ್ವಗಳು ಆರೂವರೆ ನಿಮಿಷ ಕುಣಿಯುತ್ತವೆ. ರಾಜ ದೆವ್ವ, ಸಾಹೇಬ ದೆವ್ವ, ಡೊಳ್ಳುಹೊಟ್ಟೆಯ ದೆವ್ವ, ಬಡ ಜನರ ದೆವ್ವ. ಆ ಕುಣಿತದಲ್ಲಿ ಹಾಡಿಲ್ಲ, ಪಿಟೀಲಿಲ್ಲ, ಬರೀ ತಾಳ. ಯಾವ ತಾಳವಾದ್ಯ? ಮೃದಂಗ, ಘಟ, ಖಂಜಿರ, ಮೋರ್ಚಿಂಗ್! ರಾಜರಿಗೆ ಮೃದಂಗದ ಗತ್ತು, ಬಿಗಿದ ಸಾಹೇಬರಿಗೆ ಘಟದ ಮಣ್ಣಿನ ಟಕಟಕ, ಹೊಟ್ಟೆಯವರಿಗೆ ಮೋರ್ಚಿಂಗಿನ ಬೊಯ್ಯ್ ಬೊಯ್ಯ್. ದಕ್ಷಿಣದ ತಾಳವಾದ್ಯ ಕಚೇರಿಯನ್ನು ರಾಯ್ ಬಂಗಾಳದ ಬಿದಿರು ಕಾಡಿಗೆ ಕರೆದೊಯ್ದರು. ರಾಮನವಮಿಯ ಚಪ್ಪರದಡಿ ಪಾನಕ ಕುಡಿಯುತ್ತ ಕೇಳಿ ಬೆಳೆದ ತನಿ ಆವರ್ತನ ದೆವ್ವದ ಕಾಲಿಗೆ ಕಟ್ಟಿಕೊಂಡು ಬಂದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಪ್ರಿಯಾದ ಎದುರು ನಿಂತು ಅದನ್ನು ತಂಗಿಯ ಮಗನಿಗೆ ಮೊಬೈಲಿನಲ್ಲಿ ಕೇಳಿಸಿದೆ. ಅಲ್ಲೇ ಹತ್ತಿರದ ಲೇಕ್ ಮಾರ್ಕೆಟ್ಟಿನಲ್ಲಿ ಬಾಳೆಲೆ, ಮಲ್ಲಿಗೆ ಮಾಲೆ, ಫಿಲ್ಟರ್ ಕಾಫಿಪುಡಿ ಸಿಗುತ್ತವೆ; ತಲೆಮಾರುಗಳಿಂದ ದಕ್ಷಿಣದವರು ನೆಲೆಸಿದ ಪೇಟೆ. ಘಟ, ಖಂಜಿರ ಈ ಊರಿಗೆ ಪರಕೀಯ ಅಲ್ಲವೆನ್ನಿಸಿತು.

ಇನ್ನೊಂದು ಕಥೆ ಬಂಟ್ವಾಳದ ಮಂಚಿ ಹತ್ತಿರದ ಬಾಬುಕೋಡಿಯದು. ಅಲ್ಲಿ ಹುಟ್ಟಿ ಗುಬ್ಬಿ ಕಂಪನಿಯಲ್ಲಿ ಪಾತ್ರ ಕಟ್ಟಿ ಬೆಳೆದ ಬಿ.ವಿ. ಕಾರಂತರು ಕಲ್ಲು, ಕಟ್ಟಿಗೆ, ಬಾಯಿಸದ್ದುಗಳಿಂದಲೇ ರಂಗಸಂಗೀತ ಕಟ್ಟಬಲ್ಲವರಾಗಿದ್ದರು. ಮೃಣಾಲ್ ಸೇನರು ಅವರನ್ನು ತಮ್ಮ ಚಿತ್ರಗಳಿಗೆ ಕರೆಸಿಕೊಂಡರು. ‘ಏಕ್ ದಿನ್ ಪ್ರತಿದಿನ್’ (1979), ‘ಖಾರಿಜ್’ (1982): ಎರಡಕ್ಕೂ ಕಾರಂತರದೇ ಸಂಗೀತ. ಮೊದಲನೆಯದರಲ್ಲಿ ದುಡಿಯುವ ಮಗಳು ಚಿನು ಒಂದು ರಾತ್ರಿ ಮನೆಗೆ ಬರುವುದಿಲ್ಲ. ಅಷ್ಟೇ ಕಥೆ. ಬೆಳಗಿನ ಜಾವ ಬರುತ್ತಾಳೆ. ಎಲ್ಲಿದ್ದಳೆಂದು ಚಿತ್ರ ಕೊನೆಗೂ ಹೇಳುವುದಿಲ್ಲ. ಎರಡನೆಯದರಲ್ಲಿ ಚಳಿಗೆ ಅಡುಗೆಮನೆಯಲ್ಲಿ ಇದ್ದಿಲೊಲೆಯ ಪಕ್ಕ ಮಲಗಿದ ಕೆಲಸದ ಹುಡುಗ ಪಾಲಾನ್ ವಿಷಗಾಳಿಗೆ ಉಸಿರುಕಟ್ಟಿ ಸಾಯುತ್ತಾನೆ. ಗಾಳಿ ಹೋಗಲು ಒಂದು ಕಿಂಡಿ ಇರಲಿಲ್ಲ. 1983ರಲ್ಲಿ ಕಾನ್ ಉತ್ಸವದಲ್ಲಿ ತೀರ್ಪುಗಾರರ ಬಹುಮಾನ ಪಡೆದ ಚಿತ್ರವಿದು. ಕೊನೆಗೆ ಹುಡುಗನ ತಂದೆ ಸುಡುಗಾಡಿನಿಂದ ಬರುತ್ತಾನೆ. ಹೊಡೆಯುತ್ತಾನೇನೋ ಎಂದು ಯಜಮಾನ ಹೆದರಿ ನಿಂತಿದ್ದರೆ, ಅವನು ಕೈಮುಗಿದು ಹೊರಟುಹೋಗುತ್ತಾನೆ. ನಾನು ಕಂಡ ಯಾವ ಭಯದ ಚಿತ್ರವೂ ನನ್ನನ್ನು ಈ ನಮಸ್ಕಾರದಷ್ಟು ನಡುಗಿಸಿಲ್ಲ.

ಶ್ಯಾಮ್‌ಬಜಾರಿನ ಕಡೆ ಒಂದು ಸಂಜೆ, ಎತ್ತರದ ಮನೆಗಳ ನಡುವಿನ ಇಕ್ಕಟ್ಟಿನಲ್ಲಿ ನಡೆಯುವಾಗ ಆ ಚಿತ್ರಗಳ ಸದ್ದು ಒಂದೊಂದಾಗಿ ಸಿಕ್ಕಿತು. ನಲ್ಲಿಗೆ ಬಿಂದಿಗೆ ಇಟ್ಟ ಸದ್ದು. ಒಳಗೆಲ್ಲೋ ಶಂಖ ಊದಿದ್ದು. ಚಹದಂಗಡಿಯವನು ಇದ್ದಿಲೊಲೆಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದ. ಹೊಗೆ ಓಣಿಯ ಅರ್ಧದಲ್ಲಿ ತೇಲಿ ನಿಂತಿತ್ತು. ಮಣ್ಣಿನ ಕುಡಿಕೆಯಲ್ಲಿ ಚಹ ಕೊಡುತ್ತ ಯಾವ ಊರೆಂದು ಕೇಳಿದ. ಕರ್ನಾಟಕ ಎಂದೆ. ಆ ಓಣಿಯ ಮೌನಕ್ಕೆ ತುಳುನಾಡಿನ ಒಬ್ಬ ಹುಡುಗ ಸ್ವರ ಕೂಡಿಸಿದ್ದನೆಂದು ಹೇಳಬೇಕೆನಿಸಿತು. ನನ್ನ ಹರುಕು ಹಿಂದಿಯಲ್ಲಿ ಹೇಳಿಯೂ ಹೇಳಿದೆ. ಅವನು ಬೀಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿ, ಇನ್ನೊಂದು ಕುಡಿಕೆ ತುಂಬಿಕೊಟ್ಟ, ದುಡ್ಡು ಬೇಡವೆಂದ.

ಋತ್ವಿಕ್ ಘಟಕರಿಗಾಗಿ ಬಿಜೊಯ್‌ಗಢಕ್ಕೆ ಹೋದೆ. ದೇಶ ಒಡೆದಾಗ ಪೂರ್ವ ಬಂಗಾಳದಿಂದ ಬಂದವರು ನೆಲೆಯೂರಿದ ಬಡಾವಣೆ. ಅಂಥದೇ ಒಂದು ಕಾಲೊನಿಯಲ್ಲಿ ನಡೆಯುತ್ತದೆ ‘ಮೇಘೇ ಢಾಕಾ ತಾರಾ’ (1960). ಕಣ್ಣೀರಿನ ಚಿತ್ರವೆಂದು ಕೆಲವರು ಮೂಗು ಮುರಿಯುತ್ತಾರೆ. ನಾನು ಒಪ್ಪುವುದಿಲ್ಲ. ಮನೆಯವರಿಗಾಗಿ ತೇಯುತ್ತ ಹೋಗುವ ನೀತಾ ಅಣ್ಣನ ಜೊತೆ ಹಾಡುತ್ತ ಕೂತಿದ್ದಾಗ ಹಾಡಿನ ಮೇಲೆ ಚಾಟಿಯೇಟು ಬೀಳುತ್ತದೆ. ಚಾಟಿ ಎಲ್ಲೂ ಕಾಣಿಸದು, ಛಟ್ ಛಟ್ ಎಂಬ ಸದ್ದು ಮಾತ್ರ. ಘಟಕರಷ್ಟು ಧೈರ್ಯವಾಗಿ ಸದ್ದನ್ನು ಬಳಸಿದವರನ್ನು ನಾನು ಕಂಡಿಲ್ಲ. ಬಿಜೊಯ್‌ಗಢ ಈಗ ಬಹುಮಹಡಿಗಳ ಬೀದಿ. ಮೂಲೆಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರು ಕಿತ್ತ ಬಾರಿಗೆ ಮೊಳೆ ಬಡಿಯುತ್ತಿದ್ದರು. ನೀತಾಳ ಚಪ್ಪಲಿ ಕಿತ್ತುಹೋಗುವುದರೊಂದಿಗೆ ಶುರುವಾದ ಚಿತ್ರ, ಇನ್ನೊಬ್ಬ ಹುಡುಗಿಯ ಚಪ್ಪಲಿ ಕಿತ್ತುಹೋಗುವುದರೊಂದಿಗೆ ಮುಗಿಯುತ್ತದೆ. ಆ ಸುತ್ತಿಗೆಯ ಸದ್ದು ಕೇಳುತ್ತ ಬಹಳ ಹೊತ್ತು ನಿಂತಿದ್ದೆ.

ರಾಯ್ ಸೃಷ್ಟಿಸಿದ ಪತ್ತೇದಾರ ಫೆಲುದಾನ ವಿಳಾಸವಾದ ರಜನಿ ಸೇನ್ ರಸ್ತೆಯನ್ನೂ, ಅವರು ಬದುಕಿದ್ದ ಬಿಷಪ್ ಲೆಫ್ರಾಯ್ ರಸ್ತೆಯನ್ನೂ, 1955ರ ಆಗಸ್ಟ್ 26ರಂದು ‘ಪಥೇರ್ ಪಾಂಚಾಲಿ’ ತೆರೆಕಂಡ ಹಾಜ್ರಾದ ಬಸುಶ್ರೀಯನ್ನೂ ನೋಡಿದೆ. ಅವನ್ನು ಕಣ್ತುಂಬಿಕೊಂಡದ್ದೇ ಹೆಚ್ಚು, ಕೇಳಿದ್ದು ಕಡಿಮೆ.

ಕೊನೆಯ ದಿನ ಕುಮಾರ್‌ಟುಲಿಯಲ್ಲಿ ಹುಲ್ಲು, ಮಣ್ಣಿನ ದುರ್ಗೆಯರನ್ನು ದಾಟಿ ನದಿಗಿಳಿದೆವು. ಘಾಟಿಗೂ ಓಣಿಗೂ ನಡುವೆ ಚಕ್ರರೈಲಿನ ಹಳಿ ಹಾದುಹೋಗುತ್ತದೆ. ಹಳಿಯಿಂದ ಆಚೆ ಒಂದು ಹಳೆಯ ಕಬ್ಬಿಣದ ಕಂಬ. ‘ಪಥೇರ್ ಪಾಂಚಾಲಿ’ಯಲ್ಲಿ ದುರ್ಗಾ, ಅವಳ ತಮ್ಮ ಅಪು ಕಾಶದ ಹೂವಿನ ಬಯಲಲ್ಲಿ ಮೊದಲ ಬಾರಿ ರೈಲು ನೋಡುವ ಮುಂಚೆ, ದುರ್ಗಾ ತಂತಿಕಂಬಕ್ಕೆ ಕಿವಿ ಹಚ್ಚಿ ಅದರ ಗುಂಯ್‌ಗುಡುವಿಕೆ ಕೇಳುತ್ತಾಳೆ. ಆ ದೃಶ್ಯಕ್ಕಾಗಿ ರಾಯ್ ಒಂದು ವರ್ಷ ಕಾದರು. ಮೊದಲ ದಿನದ ಚಿತ್ರೀಕರಣದ ನಂತರ ದನಗಳು ಹೂವನ್ನೆಲ್ಲ ಮೇಯ್ದುಬಿಟ್ಟಿದ್ದವು.

ನಾನು ಕಂಬಕ್ಕೆ ಕಿವಿಯಿಟ್ಟೆ. ಕಬ್ಬಿಣ ತಣ್ಣಗಿತ್ತು. ಮೊದಲು ನನ್ನದೇ ರಕ್ತದ ಸದ್ದು, ಆಮೇಲೆ ಬಹಳ ದೂರದ ಒಂದು ಸಣ್ಣ ನಡುಕ.

“ಬಂತಾ ಮಾವ?” ಎನ್ನುತ್ತ ಹುಡುಗನೂ ಕಂಬದ ಆ ಬದಿಗೆ ಕಿವಿ ಹಚ್ಚಿದ.