ಕೈತೊಳೆಯುವ ಪಾಠ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯಾದ ನಾನೂ ಏನಾದರೂ ಬರೆಯಬೇಕೆಂದು ಅಪ್ಪಣೆಯಾದಾಗ, ಬರೆಯತಕ್ಕ ವಿಷಯವಾವುದೆಂದು ಬಹಳ ಹೊತ್ತು ಯೋಚಿಸಿದೆನು. ಪಾಂಡಿತ್ಯವು ನನ್ನಲ್ಲಿಲ್ಲ, ದೇಶಸಂಚಾರ ಮಾಡಿದವಳೂ ನಾನಲ್ಲ. ಆದರೆ ಕಳೆದ ಮೂರು ವರ್ಷಗಳಲ್ಲಿ ನಮ್ಮ ಮನೆಯ ಒಂದು ಚಿಕ್ಕ ಕೋಣೆಯಲ್ಲಿ ನಾನು ಕಲಿತ ಪಾಠವೊಂದುಂಟು. ಅದರ ಮೊದಲನೆಯ ಅಕ್ಷರವನ್ನು ಈ ಶಾಲೆಯಲ್ಲಿಯೇ ಕಲಿತಿದ್ದೆನಾದುದರಿಂದ ಅದನ್ನೇ ಇಲ್ಲಿ ಬರೆಯುವೆನು.

ನಾವು ಚಿಕ್ಕವರಾಗಿದ್ದಾಗ ಪ್ರತಿದಿನ ಬೆಳಿಗ್ಗೆ ಗಂಟೆ ಬಾರಿಸಿದ ಮೇಲೆ ಸಾಲಾಗಿ ನಿಂತು ಎರಡೂ ಕೈಗಳನ್ನು ಮುಂದಕ್ಕೆ ಚಾಚಬೇಕಾಗಿತ್ತು. ಉಪಾಧ್ಯಾಯಿನಿಯವರು ಒಬ್ಬೊಬ್ಬಳ ಅಂಗೈ ಮುಂಗೈ ಉಗುರುಗಳನ್ನು ನೋಡುತ್ತಾ ಬರುತ್ತಿದ್ದರು. ಕೊಳೆ ಕಂಡರೆ ಬೈಯುತ್ತಿರಲಿಲ್ಲ; ನೀರಿನ ತೊಟ್ಟಿಯ ಕಡೆಗೆ ಬೆರಳು ತೋರಿಸುವರು, ಅಷ್ಟೇ. ಒಂದು ದಿನ ನಾನು ಮಸಿ ಹತ್ತಿದ ಕೈಯನ್ನು ಲಂಗದ ಮಡಿಕೆಯಲ್ಲಿ ಅಡಗಿಸಲು ಹೋದಾಗ ಅವರು, "ಕೊಳೆಯಾದರೆ ನೀರುಂಟು, ಅಡಗಿಸಿದರೆ ಏನುಂಟು?" ಎಂದರು. ಆ ಮಾತಿನ ಅರ್ಥವು ಆಗ ನನಗೆ ಹೊಳೆಯಲಿಲ್ಲ.

ಮೂರು ವರ್ಷಗಳ ಹಿಂದೆ ನಮ್ಮ ತಾಯಿಯವರ ಎರಡೂ ಮೂತ್ರಪಿಂಡಗಳು ಕೆಲಸ ಬಿಟ್ಟವು. ರಕ್ತವನ್ನು ಯಂತ್ರದಿಂದ ಶೋಧಿಸುವ ಆಸ್ಪತ್ರೆಯು ನಮ್ಮೂರಿಗೆ ನಲವತ್ತು ಮೈಲಿ ದೂರ. ವಾರಕ್ಕೆ ಮೂರಾವರ್ತಿ ಹೋಗಿಬರುವ ತ್ರಾಣವು ಅವರಲ್ಲಿರಲಿಲ್ಲ. ಆದುದರಿಂದ ವೈದ್ಯರು ಮನೆಯಲ್ಲಿಯೇ ಮಾಡತಕ್ಕ ಪೆರಿಟೋನಿಯಲ್ ಡಯಾಲಿಸಿಸ್ ಎಂಬ ಕ್ರಮವನ್ನು ಸೂಚಿಸಿದರು. ಹೊಟ್ಟೆಯೊಳಗೆ ಕರುಳುಗಳನ್ನು ಹೊದಿಸಿಕೊಂಡು ಪೆರಿಟೋನಿಯಮ್ ಎಂಬ ತೆಳುವಾದ ಪೊರೆಯೊಂದಿರುತ್ತದೆ. ಹೊಟ್ಟೆಯಲ್ಲಿ ಕೂರಿಸಿದ ಮೆತ್ತನೆಯ ನಳಿಗೆಯ ಮೂಲಕ ಸುಮಾರು 2 ಲೀಟರ್ ಸಕ್ಕರೆ ಲವಣಗಳ ದ್ರಾವಣವನ್ನು ಒಳಕ್ಕೆ ಬಿಟ್ಟು ನಾಲ್ಕಾರು ಗಂಟೆ ಇರಗೊಟ್ಟರೆ, ರಕ್ತದಲ್ಲಿರುವ ಕಲ್ಮಷವೂ ಹೆಚ್ಚಿನ ನೀರೂ ಆ ಪೊರೆಯನ್ನು ದಾಟಿ ದ್ರಾವಣಕ್ಕೆ ಇಳಿಯುವವು. ಬಳಿಕ ಅದನ್ನು ಹೊರಕ್ಕೆ ಹರಿಯಿಸಿ ಹೊಸದನ್ನು ತುಂಬಬೇಕು. ದಿನಕ್ಕೆ ನಾಲ್ಕು ಸಾರಿ ಹೀಗೆ. ಎಂದರೆ ವರ್ಷಕ್ಕೆ 1460 ಸಾರಿ.

ಉಪಕಾರವು ದೊಡ್ಡದು, ಅಪಾಯವೂ ಅದರೊಂದಿಗೇ ಇದೆ. ನಮ್ಮ ಚರ್ಮದ ಮೇಲೆಯೂ ಮೂಗಿನೊಳಗೂ ವಾಸಿಸುವ ಸ್ಟಾಫಿಲೊಕಾಕಸ್ ಮೊದಲಾದ ಕ್ರಿಮಿಗಳು ಸಾಮಾನ್ಯವಾಗಿ ನಮಗೆ ಕೇಡು ಮಾಡವು. ಅವೇ ನಳಿಗೆಯ ದಾರಿಯಿಂದ ಹೊಟ್ಟೆಯೊಳಕ್ಕೆ ಹೊಕ್ಕರೆ ಪೆರಿಟೋನೈಟಿಸ್ ಎಂಬ ಉರಿಯೂತವನ್ನುಂಟುಮಾಡುವವು. ನಳಿಗೆಯು ಚರ್ಮದಿಂದ ಹೊರಬರುವ ಸ್ಥಳವು ಕೆಂಪಾಗಿ ಕೀವು ಕಟ್ಟಿದರೂ ಸೋಂಕು ಒಳಗೆ ಇಳಿಯಬಹುದು. ಮಲಬದ್ಧತೆಯಿದ್ದರೆ ಕರುಳಿನ ಕ್ರಿಮಿಗಳೂ ದಾಟಿ ಬರಬಹುದು. ಪದೇಪದೇ ಸೋಂಕು ತಗಲಿದರೆ ಪೊರೆಯು ಕೆಟ್ಟು, ಈ ಚಿಕಿತ್ಸೆಯನ್ನೇ ಬಿಡಬೇಕಾಗುವದು, ಪ್ರಾಣಕ್ಕೂ ಅಪಾಯವುಂಟು.

ಈ ಕ್ರಮವು 1976ರಲ್ಲಿ ಅಮೇರಿಕದ ಆಸ್ಟಿನ್ ಪಟ್ಟಣದಲ್ಲಿ ಪೊಪೊವಿಚ್, ಮಾಂಕ್ರೀಫ್ ಎಂಬವರಿಂದ ಮೊದಲು ವರ್ಣಿಸಲ್ಪಟ್ಟಿತು. ಆಗ ದ್ರಾವಣವು ಗಾಜಿನ ಬಾಟಲಿಗಳಲ್ಲಿತ್ತು. ಸೋಂಕು ಮೇಲಿಂದ ಮೇಲೆ ತಗಲುತ್ತಿತ್ತು. ಕೆನಡಾದ ಟೊರೊಂಟೊದಲ್ಲಿ ಒರಿಯೋಪುಲಸ್ ಎಂಬ ವೈದ್ಯರು ಪ್ಲಾಸ್ಟಿಕ್ ಚೀಲಗಳನ್ನು ಬಳಕೆಗೆ ತಂದರು. ಮುಂದೆ 1980ರ ದಶಕದಲ್ಲಿ ಇಟಲಿಯ ವೈದ್ಯರು ಕವಲೊಡೆದ ನಳಿಗೆಯನ್ನು ಉಪಯೋಗಿಸಿ, ತುಂಬುವ ಮೊದಲು ಜೋಡಣೆಯ ಸ್ಥಳವನ್ನು ದ್ರಾವಣದಿಂದಲೇ ತೊಳೆದು ಹೊರಚೆಲ್ಲುವ ಉಪಾಯವನ್ನು ಕಂಡರು. ತೊಳೆದು ತುಂಬು, ತುಂಬಿ ತೊಳೆಯಬೇಡ. ಇಷ್ಟೇ ಅದರ ಗುಟ್ಟು. ಅದರಿಂದ ಸೋಂಕು ಬಹಳ ಕಡಿಮೆಯಾಯಿತು. ಪೆರಿಟೋನಿಯಲ್ ಡಯಾಲಿಸಿಸಿನ ಅಂತರರಾಷ್ಟ್ರೀಯ ಸಂಘವು 2022ರಲ್ಲಿ ಕೊಟ್ಟ ಸೂಚನೆಗಳಲ್ಲಿ, ರೋಗಿಯೊಬ್ಬರಿಗೆ ವರ್ಷಕ್ಕೆ 0.4ಕ್ಕಿಂತ ಹೆಚ್ಚು ಸಾರಿ, ಎಂದರೆ ಎರಡೂವರೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಾರಿ, ಈ ಸೋಂಕು ಬಾರದಂತಿರಬೇಕೆಂದು ಹೇಳಿದೆ.

ಆಸ್ಪತ್ರೆಯ ದಾದಿಯವರು ನನಗೆ ಎಲ್ಲವನ್ನೂ ಕ್ರಮವಾಗಿ ಕಲಿಸಿದ್ದರು. ಕಿಟಕಿ ಬಾಗಿಲು ಮುಚ್ಚಬೇಕು, ಫ್ಯಾನು ನಿಲ್ಲಿಸಬೇಕು, ಬೆಕ್ಕು ನಾಯಿಗಳು ಕೋಣೆಯೊಳಗೆ ಬರಕೂಡದು, ರೋಗಿಯೂ ಆರೈಕೆಯವಳೂ ಮೂಗು ಬಾಯಿಗಳನ್ನು ಮುಚ್ಚಿಕೊಳ್ಳಬೇಕು, ಬೆರಳುಗಳ ಸಂದುಗಳನ್ನೂ ಉಗುರುಗಳನ್ನೂ ಸಾಬೂನಿನಿಂದ ತೊಳೆದು, ಚೊಕ್ಕವಾದ ಬಟ್ಟೆಯಿಂದ ಪೂರ್ಣವಾಗಿ ಒರಸಿಕೊಳ್ಳಬೇಕು. ನಳಿಗೆಯ ತೆರೆದ ತುದಿಯು ಯಾವುದಕ್ಕೂ ತಗಲಬಾರದು. ತಗಲಿದರೆ ಕೂಡಲೇ ಮುಚ್ಚಿ, ಮುಂದುವರಿಯದೆ ಆಸ್ಪತ್ರೆಗೆ ತಿಳಿಸಬೇಕು.

ತಾಯಿಯವರಿಗೆ ಒಂದು ಕೆಲಸ ಪ್ರಿಯವಾಗಿತ್ತು. ಹೊರಬಂದ ದ್ರಾವಣದ ಚೀಲವನ್ನು ವರ್ತಮಾನ ಪತ್ರಿಕೆಯ ಮೇಲಿಟ್ಟು ಅದರ ಮೂಲಕ ಅಕ್ಷರಗಳನ್ನು ಓದುವರು. ಅಕ್ಷರ ಸ್ಪಷ್ಟವಾದರೆ ದ್ರಾವಣವು ತಿಳಿಯೆಂದರ್ಥ. "ಇವತ್ತಿನ ಸುದ್ದಿ ಒಳ್ಳೆಯದುಂಟು" ಎಂದು ಅವರು ನಗುವರು.

ಕಳೆದ ವರ್ಷ ಮಳೆಗಾಲದ ಒಂದು ಸಾಯಂಕಾಲ ಮನೆಗೆ ನೆಂಟರು ಬಂದಿದ್ದರು. ನಾನು ಮುಚ್ಚಳ ತೆಗೆದು ಜೋಡಿಸುವಷ್ಟರಲ್ಲಿ ಹೊರಗಿನಿಂದ ಯಾರೋ ಕರೆದರು. ತಿರುಗಿದಾಗ ನಳಿಗೆಯ ತುದಿಗೆ ನನ್ನ ಸೀರೆಯ ಸೆರಗು ತಗಲಿತು. ಒಂದು ಕ್ಷಣ ಮಾತ್ರ. ನಿಯಮವು ನನಗೆ ತಿಳಿದಿತ್ತು. ಆದರೂ ನೆಂಟರ ಮುಂದೆ ಗಲಿಬಿಲಿಯೇಕೆ, ಇಷ್ಟರಿಂದ ಏನಾದೀತು ಎಂದು ಜೋಡಿಸಿಯೇಬಿಟ್ಟೆನು, ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ತಾಯಿಯವರು ಚೀಲವನ್ನು ಪತ್ರಿಕೆಯ ಮೇಲಿಟ್ಟು ಬಹಳ ಹೊತ್ತು ನೋಡಿದರು. "ಮಗಾ, ತಲೆಬರಹವೂ ಕಾಣುವದಿಲ್ಲ" ಎಂದರು. ದ್ರಾವಣವು ಅಕ್ಕಚ್ಚಿನಂತಿತ್ತು. ಮಧ್ಯಾಹ್ನದೊಳಗೆ ಹೊಟ್ಟೆನೋವು ಕಾಣಿಸಿತು. ಆ ಚೀಲವನ್ನೂ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದೆವು.

ದಾದಿಯವರು, "ಎಲ್ಲಿಯಾದರೂ ಕೈ ತಪ್ಪಿತೋ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ತಾಯಿಯವರು, "ನಾನೇ ಎಲ್ಲಿಯೋ ಮುಟ್ಟಿದೆನೇನೋ, ಅವಳು ಬಹಳ ಜಾಗರೂಕಳು" ಎಂದರು. ಆಗ ಲಂಗದ ಮಡಿಕೆಯಲ್ಲಿ ಅಡಗಿದ್ದ ಆ ಮಸಿಯ ಕೈ ನನ್ನ ಕಣ್ಣ ಮುಂದೆ ಬಂದಿತು. ಇದ್ದುದನ್ನು ಇದ್ದ ಹಾಗೆ ಹೇಳಿದೆನು. ದಾದಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದೇ ಹೇಳಿದ್ದರೆ ಹೊರನಳಿಗೆಯನ್ನು ಬದಲಿಸಿ, ಕೂಡಲೇ ಔಷಧ ಕೊಡುತ್ತಿದ್ದೆವು. ತಪ್ಪು ಎಲ್ಲರಿಂದಲೂ ಆಗುವದು, ಕ್ರಿಮಿಗೆ ಬೇಕಾದದ್ದು ನಮ್ಮ ಮೌನ" ಎಂದರು.

ಮೂರು ವಾರ ದ್ರಾವಣದಲ್ಲಿಯೇ ಔಷಧವನ್ನು ಬೆರಸಿ ಕೊಟ್ಟರು. ತಾಯಿಯವರು ಗುಣ ಹೊಂದಿದರು, ನಳಿಗೆಯೂ ಉಳಿಯಿತು. ಮನೆಗೆ ಬಂದ ದಿನ ಆ ಕೋಣೆಯೊಳಗೆ ಕಾಲಿಡಲು ನನಗೆ ಧೈರ್ಯ ಸಾಲದೆ, "ಬೇರೆ ಯಾರನ್ನಾದರೂ ಗೊತ್ತುಮಾಡೋಣವೇ, ಅಮ್ಮಾ?" ಎಂದು ಕೇಳಿದೆನು. ಅವರು ಗೋಡೆಯ ಗಡಿಯಾರವನ್ನು ನೋಡಿ, "ಹೊತ್ತಾಯಿತು. ಕೈ ತೊಳೆದು ಬಾ, ಮಗಾ" ಎಂದರು.

ಪ್ರಿಯ ತಂಗಿಯರೇ, ನಿಮ್ಮ ಮನೆಗಳಲ್ಲಿಯೂ ಒಂದಲ್ಲ ಒಂದು ದಿನ ರೋಗಿಯೊಬ್ಬರು ನಿಮ್ಮ ಕೈಗಳನ್ನು ನಂಬಿ ಮಲಗುವರು. ಕೈಗಳನ್ನು ತೊಳೆಯಲು ಸಾಬೂನೂ ನೀರೂ ಸಾಕು. ಅವು ತಪ್ಪಿದ ದಿನ, ತಪ್ಪಿದೆನೆಂದು ಅಂದೇ ಹೇಳಿಬಿಡಿರಿ. ನಮ್ಮ ಉಪಾಧ್ಯಾಯಿನಿಯವರು ಸಾಲಿನಲ್ಲಿ ನಿಲ್ಲಿಸಿ ನಮ್ಮಿಂದ ಕೈ ಚಾಚಿಸಿದ್ದು ಇದಕ್ಕಾಗಿಯೇ ಎಂದು ನಾನು ಈಗ ಬಲ್ಲೆನು.